ಉಪ್ಪು, ಗಾಳಿ ಮತ್ತು ಕೊಳ: ಕಮಾರ್ಗ್‌ನಿಂದ ತೋವರೆಗಿನ ಮೆಡಿಟರೇನಿಯನ್ ಜೌಗುನಾಡನ್ನು ನೋಡುವ ಕ್ರಮ

ದಕ್ಷಿಣ ಫ್ರಾನ್ಸಿನಲ್ಲಿ ರೋನ್ ನದಿ ಕಡಲನ್ನು ಸೇರುವ ಜಾಗದಿಂದ ಪಶ್ಚಿಮಕ್ಕೆ ಸೆತ್ ಪಟ್ಟಣದವರೆಗೆ ತೀರದುದ್ದಕ್ಕೂ ಹಿನ್ನೀರು, ಜೊಂಡುಗಾಡು, ಸವಳು ಬಯಲು, ಉಪ್ಪಿನಾಗರ ಮತ್ತು ತೆಳುವಾದ ಮಳಲ ದಿಬ್ಬಗಳು ಒಂದರ ಬೆನ್ನಿಗೊಂದು ಬರುತ್ತವೆ. ನಮ್ಮ ಕರಾವಳಿಯ ಅಳಿವೆಗಳನ್ನು ಕಂಡವರಿಗೆ ಇದು ಮೊದಲ ನೋಟಕ್ಕೆ ಪರಿಚಿತವೆನಿಸಬಹುದು; ಆದರೆ ಇಲ್ಲಿನ ನೀರು ನಡೆಯುವ ರೀತಿಯೇ ಬೇರೆ. ಕುಮಟೆಯಲ್ಲೋ ಕುಂದಾಪುರದಲ್ಲೋ ದಿನಕ್ಕೆರಡು ಬಾರಿ ಮೀಟರಿಗೂ ಮಿಕ್ಕಿ ಏರಿಳಿಯುವ ಭರತ ಹಿನ್ನೀರಿನ ಬದುಕಿಗೆ ಗಡಿಯಾರವಾಗಿದ್ದರೆ, ಮೆಡಿಟರೇನಿಯನ್ನಿನ ಈ ಭಾಗದಲ್ಲಿ ಭರತದ ಏರಿಳಿತ ಒಂದಡಿಯ ಆಸುಪಾಸಿನದು. ನೀರು ಯಾವ ದಡದಲ್ಲಿ ಏರುತ್ತದೆ, ಯಾವ ದಡದಲ್ಲಿ ಕೆಸರು ತೆರೆದುಕೊಳ್ಳುತ್ತದೆ, ಹಕ್ಕಿಗಳು ಎಲ್ಲಿ ಕೂರುತ್ತವೆ ಎಂಬುದನ್ನು ಇಲ್ಲಿ ನಿರ್ಧರಿಸುವುದು ಗಾಳಿ. ಯಾವ ಕೊಳದಲ್ಲಿ ಯಾವ ಜೀವಿ ಬದುಕುತ್ತದೆ ಎಂಬುದನ್ನು ನಿರ್ಧರಿಸುವುದು ಉಪ್ಪು. ಪ್ರವಾಸವನ್ನು ಈ ಎರಡರ ಲೆಕ್ಕದಲ್ಲಿ ಹೊಂದಿಸಿಕೊಂಡವರಿಗೆ ಇಲ್ಲಿ ನಾಲ್ಕೈದು ದಿನ ಸಾಕು. ಹಾಗೆ ಮಾಡದವರು ಎರಡು ವಾರ ಸುತ್ತಿದರೂ ರಸ್ತೆಬದಿಯ ಬಿಳಿ ಕುದುರೆಗಳ ಚಿತ್ರ ತೆಗೆದುಕೊಂಡು ಮರಳಬೇಕಾಗುತ್ತದೆ.

ಮೊದಲು ನಕ್ಷೆಯನ್ನು ಓದಿ

ಆರ್ಲ್ ಪಟ್ಟಣದ ತುಸು ಮೇಲೆ ರೋನ್ ನದಿ ಎರಡಾಗಿ ಕವಲೊಡೆಯುತ್ತದೆ. ನೀರಿನ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಪೂರ್ವದ ಹಿರಿಯ ರೋನ್‌ನಲ್ಲಿಯೂ ಉಳಿದದ್ದು ಪಶ್ಚಿಮದ ಕಿರಿಯ ರೋನ್‌ನಲ್ಲಿಯೂ ಹರಿಯುತ್ತದೆ. ಇವೆರಡರ ನಡುವಿನ ತ್ರಿಕೋನವೇ ಕಮಾರ್ಗ್‌ನ ಹೃದಯಭಾಗ, ಮತ್ತು ಅದರ ನಡುವಿರುವ ದೊಡ್ಡ ನೀರು ವಕಾರೆಸ್ ಕೊಳ. ಸುಮಾರು 6,500 ಹೆಕ್ಟೇರ್ ಹರಡಿಕೊಂಡಿದ್ದರೂ ಎಲ್ಲಿಯೂ ಎರಡು ಮೀಟರಿಗೆ ಮೀರಿದ ಆಳವಿಲ್ಲದ ಈ ಕೊಳದ ಸುತ್ತ ಸಾರ್ವಜನಿಕರು ಎಲ್ಲೆಂದರಲ್ಲಿ ಅಡ್ಡಾಡುವಂತಿಲ್ಲ. ಜಮೀನಿನ ಬಹುಪಾಲು ಖಾಸಗಿ ಒಡೆತನದ ಭತ್ತದ ಗದ್ದೆ, ಹೋರಿಗಳ ಹುಲ್ಲುಗಾವಲು ಮತ್ತು ಬೇಟೆಗಾರರ ಜೌಗುಗಳಾಗಿರುವುದರಿಂದ ನಡೆದು ಹೋಗಬಹುದಾದ ದಾರಿಗಳು ಬೆರಳೆಣಿಕೆಯಷ್ಟಿವೆ. ಆದ್ದರಿಂದ ಹೊರಡುವ ಮೊದಲೇ ಆ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು.

ಫ್ರೆಂಚ್ ಭೂನಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುವ ಕೆಲವು ಪದಗಳನ್ನು ತಿಳಿದಿದ್ದರೆ ಕೆಲಸ ಹಗುರವಾಗುತ್ತದೆ. ‘ಎತಾಂ’ ಎಂದರೆ ಕೊಳ ಅಥವಾ ಹಿನ್ನೀರು, ‘ಮಾರೆ’ ಎಂದರೆ ಜೌಗು, ‘ಗ್ರೋ’ ಎಂದರೆ ಹಿನ್ನೀರು ಕಡಲಿಗೆ ತೆರೆದುಕೊಳ್ಳುವ ಬಾಯಿ, ‘ರೂಬಿನ್’ ಎಂದರೆ ತೂಬುಗಳಿರುವ ಕಾಲುವೆ, ‘ಸಾಂಸುಯಿರ್’ ಎಂದರೆ ಬೇಸಿಗೆಯಲ್ಲಿ ಉಪ್ಪು ಹೆಪ್ಪುಗಟ್ಟಿ ಬೆಳ್ಳಗಾಗುವ ಸವಳು ಬಯಲು, ‘ಸಲಾಂ’ ಎಂದರೆ ಉಪ್ಪಿನಾಗರ. ಉತ್ತರದಿಂದ ದಕ್ಷಿಣಕ್ಕೆ ಸರಿದಂತೆ ಸಿಹಿನೀರಿನ ಜೊಂಡುಗಾಡು, ಅರೆ ಉಪ್ಪಿನ ಕೊಳ, ಸವಳು ಬಯಲು, ಆಗರ, ಕಡಲು ಎಂಬ ಸಾಲನ್ನು ನಕ್ಷೆಯಲ್ಲೇ ನೋಡಬಹುದು. ಪ್ರವಾಸವನ್ನೂ ಇದೇ ಸಾಲಿನಲ್ಲಿ ಸಿಹಿಯಿಂದ ಉಪ್ಪಿನೆಡೆಗೆ ನಡೆಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಗ ಪ್ರತಿ ನಿಲ್ದಾಣವೂ ಅದರ ಹಿಂದಿನದಕ್ಕೆ ಅರ್ಥ ಕೊಡುತ್ತದೆ.

ಕಾಲವನ್ನು ಆರಿಸಿಕೊಳ್ಳಿ

ಏಪ್ರಿಲ್ ಮತ್ತು ಮೇ ತಿಂಗಳುಗಳು ಎಲ್ಲ ರೀತಿಯಿಂದಲೂ ಅನುಕೂಲ. ಆಫ್ರಿಕಾದಿಂದ ಉತ್ತರಕ್ಕೆ ಹೋಗುವ ಹಕ್ಕಿಗಳು ಆಗ ಇಲ್ಲಿಳಿಯುತ್ತವೆ, ಮೆಟ್ಟುಗಾಲು ಹಕ್ಕಿಗಳು ಗೂಡು ಕಟ್ಟುತ್ತವೆ, ಸೊಳ್ಳೆಯ ಕಾಟ ಇನ್ನೂ ಮಿತಿಮೀರಿರುವುದಿಲ್ಲ. ಮೇ 24 ಮತ್ತು 25ರಂದು ಮಾತ್ರ ಸೇಂತ್-ಮಾರಿ-ದ-ಲ-ಮೆರ್ ಪಟ್ಟಣದಲ್ಲಿ ರೋಮಾ ಜನರ ದೊಡ್ಡ ಜಾತ್ರೆ ನಡೆಯುವುದರಿಂದ, ಆ ದಿನಗಳಲ್ಲಿ ಜಾತ್ರೆಗೆಂದೇ ಹೋಗದವರು ಆ ಕಡೆ ಸುಳಿಯದಿರುವುದು ಲೇಸು. ಜುಲೈ ಮತ್ತು ಆಗಸ್ಟ್ ಕಡಲಸ್ನಾನಕ್ಕೆ ಬರುವವರ ಕಾಲ. ಸವಳು ಬಯಲು ಕಾದು, ಕೊಳಗಳು ಬತ್ತಿ, ಸಂಜೆಯ ಹೊತ್ತು ಸೊಳ್ಳೆಗಳ ನಡುವೆ ದುರ್ಬೀನು ಹಿಡಿದು ನಿಲ್ಲುವುದೇ ಕಷ್ಟವಾಗುತ್ತದೆ. ಚಳಿಗಾಲದ ಬಗ್ಗೆ ಪ್ರವಾಸಿ ಕೈಪಿಡಿಗಳು ಹೆಚ್ಚು ಹೇಳುವುದಿಲ್ಲವಾದರೂ ಹಕ್ಕಿಗಳಿಗಾಗಿ ಬರುವವರಿಗೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಬಹಳ ಸಮೃದ್ಧವಾದದ್ದು: ಉತ್ತರ ಯುರೋಪಿನಿಂದ ಬಾತುಗಳು ದೊಡ್ಡ ಸಂಖ್ಯೆಯಲ್ಲಿ ಬಂದು ತಂಗುತ್ತವೆ, ಮತ್ತು ಫ್ಲೆಮಿಂಗೊಗಳು ಸಂಗಾತಿಯನ್ನು ಆರಿಸಿಕೊಳ್ಳುವ ಸಾಮೂಹಿಕ ನಡಿಗೆ ಆಗಲೇ ಶುರುವಾಗುತ್ತದೆ. ಆ ಅವಧಿಯ ಬಹುಪಾಲು ಖಾಸಗಿ ಜೌಗುಗಳಲ್ಲಿ ಬಾತುಬೇಟೆಯೂ ನಡೆಯುವುದರಿಂದ ಗುರುತು ಮಾಡಿದ ದಾರಿಯನ್ನು ಯಾವ ಕಾರಣಕ್ಕೂ ಬಿಡಬಾರದು.

ಗಾಳಿಯನ್ನು ನೋಡಿ ದಿನವನ್ನು ಹೊಂದಿಸಿ

ಉತ್ತರ ಮತ್ತು ವಾಯವ್ಯದಿಂದ ರೋನ್ ಕಣಿವೆಯ ಗುಂಟ ಬೀಸಿ ಬರುವ ಒಣ, ತಂಪು ಗಾಳಿಯ ಹೆಸರು ಮಿಸ್ತ್ರಾಲ್. ಅದು ಬೀಸುವ ದಿನ ಆಕಾಶ ತಿಳಿಯಾಗಿ ದೂರದ ಬೆಟ್ಟಗಳವರೆಗೂ ನೋಟ ಹರಿಯುತ್ತದೆ. ಆದರೆ ಸೈಕಲ್ ತುಳಿಯುವುದು ಶ್ರಮದ ಕೆಲಸ, ಸ್ಟ್ಯಾಂಡಿನ ಮೇಲಿಟ್ಟ ದೂರದರ್ಶಕ ಒಂದೇ ಸಮನೆ ನಡುಗುತ್ತದೆ. ಆಳವಿಲ್ಲದ ವಕಾರೆಸ್‌ನ ನೀರನ್ನು ಈ ಗಾಳಿ ದಕ್ಷಿಣಕ್ಕೆ ನೂಕುತ್ತದೆ. ಉತ್ತರದ ದಡದಲ್ಲಿ ಕೆಸರು ತೆರೆದುಕೊಂಡು ಅಲ್ಲಿ ಕೆದಕಿ ತಿನ್ನುವ ಸಣ್ಣ ಹಕ್ಕಿಗಳು ಸೇರುತ್ತವೆ, ಜೊಂಡಿನ ಮರೆಯಲ್ಲಿ ಬಾತುಗಳು ಮುದುರಿ ಕೂರುತ್ತವೆ. ಆಗ್ನೇಯದಿಂದ ಬೀಸುವ ತೇವದ ಗಾಳಿ ಇದಕ್ಕೆ ತದ್ವಿರುದ್ಧ. ಕಡಲನ್ನೇ ದಡದ ಮೇಲೆ ಏರಿಸಿ ಮಳೆಯನ್ನೂ ತರುತ್ತದೆ, ತಗ್ಗಿನ ದಾರಿಗಳು ನೀರಿನಲ್ಲಿ ಮುಳುಗುತ್ತವೆ. ಹೀಗಾಗಿ ಹಿಂದಿನ ಸಂಜೆ ಗಾಳಿಯ ದಿಕ್ಕು ಮತ್ತು ವೇಗವನ್ನು ನೋಡಿ ಮರುದಿನದ ಜಾಗವನ್ನು ನಿಶ್ಚಯಿಸಬೇಕು: ಮಿಸ್ತ್ರಾಲ್ ಜೋರಾಗಿದ್ದರೆ ಮರೆಯಿರುವ ಜೊಂಡುಗಾಡು, ಗಾಳಿ ನಿಂತಿದ್ದರೆ ತೆರೆದ ಕಡಲ ಏರಿ, ಆಗ್ನೇಯ ಗಾಳಿಯಿದ್ದರೆ ವಸ್ತುಸಂಗ್ರಹಾಲಯ ಅಥವಾ ಕೋಟೆಯೂರಾದ ಎಗ್-ಮೋರ್ತ್.

ಬೆಳಕಿಗೂ ಇಂಥದ್ದೇ ಒಂದು ಲೆಕ್ಕವಿದೆ. ವಕಾರೆಸ್‌ನ ಪೂರ್ವ ದಡದಿಂದ ನೋಡುವಾಗ ಮುಂಜಾನೆಯ ಬಿಸಿಲು ಬೆನ್ನಿಗಿರುತ್ತದೆ, ಸಂಜೆ ಕಣ್ಣಿಗೆ ಹೊಡೆಯುತ್ತದೆ. ಕಡಲ ಏರಿಯ ಮೇಲೆ ಉತ್ತರದ ಕೊಳಗಳತ್ತ ನೋಡಿದರೆ ಬಹುತೇಕ ದಿನವಿಡೀ ಬೆಳಕು ಅನುಕೂಲವಾಗಿರುತ್ತದೆ.

ತಂಗುವುದು ಮತ್ತು ಓಡಾಟ

ಆರ್ಲ್‌ನಲ್ಲಿ ರೈಲು ನಿಲ್ದಾಣವಿದೆ, ಅಲ್ಲಿಂದ ಸುಮಾರು 38 ಕಿ.ಮೀ. ದೂರದ ಸೇಂತ್-ಮಾರಿಗೆ ಬಸ್ಸು ಇದೆ, ಸೇಂತ್-ಮಾರಿಯಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ಕಾರಿಲ್ಲದವರಿಗೆ ಇದೇ ಸರಿಯಾದ ವ್ಯವಸ್ಥೆ. ಕಾರು ಇರುವವರು ಆರ್ಲ್‌ನಲ್ಲೇ ತಂಗಿದರೆ ತ್ರಿಕೋನದ ಎರಡೂ ಬದಿಗಳನ್ನು ತಲುಪುವುದು ಸುಲಭ. ವಕಾರೆಸ್ ನಡುವೆ ಅಡ್ಡವಿರುವುದರಿಂದ ಪಶ್ಚಿಮದ ಸೇಂತ್-ಮಾರಿಯಿಂದ ಪೂರ್ವದ ಸಲಾಂ-ದ-ಜಿರೋಗೆ ನೇರ ಮೋಟಾರು ರಸ್ತೆಯಿಲ್ಲ ಎಂಬುದನ್ನು ಮರೆಯಬಾರದು; ನಕ್ಷೆಯಲ್ಲಿ ಹತ್ತಿರ ಕಾಣುವ ಈ ಎರಡು ಊರುಗಳ ನಡುವೆ ಕಾರಿನಲ್ಲಿ ಕೊಳವನ್ನು ಬಳಸಿಕೊಂಡು ಹೋಗಲು ಒಂದು ಗಂಟೆಯಾದರೂ ಬೇಕು.

ಸಾಮಾನುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನು, ಅಂಚು ಅಗಲವಾಗಿರುವ, ಗಲ್ಲಕ್ಕೆ ದಾರ ಕಟ್ಟಬಹುದಾದ ಟೋಪಿ, ಉದ್ದ ತೋಳಿನ ತಿಳಿಬಣ್ಣದ ಅಂಗಿ, ಸೊಳ್ಳೆ ನಿವಾರಕ, ಗಾಳಿ ತಡೆಯುವ ಜಾಕೆಟ್, ಮತ್ತು ಒಬ್ಬೊಬ್ಬರಿಗೂ ಎರಡು ಲೀಟರ್ ಕುಡಿಯುವ ನೀರು. ಏರಿಯ ಮೇಲೆ ನೆರಳೂ ಇಲ್ಲ, ಅಂಗಡಿಯೂ ಇಲ್ಲ. ತುರ್ತು ಕರೆಗೆ ಸಂಖ್ಯೆ 112.

ಮೊದಲ ದಿನ: ಸಿಹಿನೀರಿನ ಅಂಚು

ಆರ್ಲ್‌ನಿಂದ ಸೇಂತ್-ಮಾರಿಗೆ ಹೋಗುವ ದಾರಿಯಲ್ಲಿ ಪೋಂ ದ ರೂಸ್ತಿ ಎಂಬಲ್ಲಿ ಹಳೆಯ ಕುರಿಹಟ್ಟಿಯೊಂದನ್ನು ಕಮಾರ್ಗ್ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಅಲ್ಲಿಂದ ಹೊರಡುವ ಮೂರೂವರೆ ಕಿ.ಮೀ. ಉದ್ದದ ಕಾಲುದಾರಿ ಕಾಲುವೆ, ಗದ್ದೆ, ಹುಲ್ಲುಗಾವಲು, ಜೊಂಡುಗಾಡು ಎಲ್ಲವನ್ನೂ ಒಂದೇ ಸುತ್ತಿನಲ್ಲಿ ತೋರಿಸುವುದರಿಂದ ಇಲ್ಲಿಂದಲೇ ಆರಂಭಿಸಬೇಕು. ಕಾಲುವೆಯ ತೂಬುಗಳ ಬಳಿ ಸ್ವಲ್ಪ ಹೊತ್ತು ನಿಂತು ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಗಮನಿಸಿ. ಈ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ.; ಬಿಸಿಲಿಗೂ ಗಾಳಿಗೂ ಆವಿಯಾಗಿ ಹೋಗುವುದು ಅದಕ್ಕಿಂತ ಎಷ್ಟೋ ಹೆಚ್ಚು. ಹಾಗೆಯೇ ಬಿಟ್ಟರೆ ನೆಲದಡಿಯ ಉಪ್ಪುನೀರು ಮೇಲಕ್ಕೇರಿ ಮಣ್ಣನ್ನು ಸವಳಾಗಿಸುತ್ತದೆ. ರೋನ್‌ನಿಂದ ನೀರೆತ್ತಿ ಗದ್ದೆಗಳಿಗೆ ಹಾಯಿಸುವುದು ಭತ್ತಕ್ಕಾಗಿ ಮಾತ್ರವಲ್ಲ, ಉಪ್ಪನ್ನು ಕೆಳಕ್ಕೆ ಒತ್ತಿ ಇಡುವುದಕ್ಕಾಗಿಯೂ ಹೌದು. 1940ರ ದಶಕದಲ್ಲಿ ಇಲ್ಲಿ ಭತ್ತದ ಬೇಸಾಯ ಗಟ್ಟಿಯಾಗಿ ನೆಲೆಯೂರಿದ್ದರ ಹಿಂದೆ ಆಗಿನ ಫ್ರೆಂಚ್ ವಸಾಹತಾಗಿದ್ದ ವಿಯೆಟ್ನಾಮಿನಿಂದ ಕರೆತಂದ ಕೆಲಸಗಾರರ ದುಡಿಮೆಯಿದೆ. ಅಘನಾಶಿನಿಯ ಗಜನಿಗಳಲ್ಲಿ ಉಪ್ಪನ್ನು ಸಹಿಸಿಕೊಳ್ಳುವ ಕಗ್ಗ ತಳಿಯನ್ನೇ ಬಿತ್ತಿ ಭೂಮಿಯೊಂದಿಗೆ ಹೊಂದಿಕೊಂಡರು. ಇಲ್ಲಿಯವರು ಪಂಪು, ಕಾಲುವೆಗಳಿಂದ ಉಪ್ಪನ್ನೇ ದೂಡಿದರು.

ಮಧ್ಯಾಹ್ನದ ನಂತರ ಸೇಂತ್-ಮಾರಿಗೆ ನಾಲ್ಕು ಕಿ.ಮೀ. ಮುಂಚೆ ಸಿಗುವ ಪೋಂ ದ ಗೋ ಹಕ್ಕಿಧಾಮಕ್ಕೆ ಹೋಗಬಹುದು. 60 ಹೆಕ್ಟೇರ್ ಜೌಗಿನಲ್ಲಿ ಏಳು ಕಿ.ಮೀ.ಯಷ್ಟು ಕಾಲುದಾರಿಗಳಿರುವ ಈ ಜಾಗಕ್ಕೆ ಪ್ರವೇಶಧನವಿದೆ, ಜನಸಂದಣಿಯೂ ಇದೆ. ಆ ಕಾರಣಕ್ಕೆ ಕೆಲವು ಪಕ್ಷಿವೀಕ್ಷಕರು ಇದನ್ನು ಕಡೆಗಣಿಸುತ್ತಾರೆ. ಅದು ಸರಿಯಲ್ಲ. ಮನುಷ್ಯರ ಓಡಾಟಕ್ಕೆ ಒಗ್ಗಿಹೋಗಿರುವ ಫ್ಲೆಮಿಂಗೊಗಳನ್ನು ಇಷ್ಟು ಹತ್ತಿರದಿಂದ, ತಲೆಕೆಳಗು ಮಾಡಿ ಕೊಕ್ಕಿನಿಂದ ನೀರನ್ನು ಸೋಸುವುದು ಕಾಣುವಷ್ಟು ಹತ್ತಿರದಿಂದ, ಬೇರೆಲ್ಲಿಯೂ ನೋಡಲಾಗುವುದಿಲ್ಲ. ಪ್ರವಾಸಿಗಳೆಲ್ಲ ಮೊದಲ ಸಣ್ಣ ಸುತ್ತನ್ನು ಮುಗಿಸಿ ಮರಳುವುದರಿಂದ ದೂರದ ಸುತ್ತಿನಲ್ಲಿ ನಿಶ್ಶಬ್ದವಿರುತ್ತದೆ. ಕೆನ್ನೀಲಿ ಬಕ ಮತ್ತು ಜೌಗು ಸೆಳೆವಗಳನ್ನು ಅಲ್ಲಿ ಹುಡುಕಬೇಕು. ಕಾಲುವೆಯಲ್ಲಿ ಈಜುವ, ಕಂದು ಮೈಯ ದೊಡ್ಡ ದಂಶಕವನ್ನು ಬೀವರ್ ಎಂದು ತಿಳಿಯಬೇಡಿ. ಅದು ತುಪ್ಪಳಕ್ಕಾಗಿ ದಕ್ಷಿಣ ಅಮೆರಿಕದಿಂದ ತಂದು ಸಾಕಿ, ಆಮೇಲೆ ಕಾಡುಪಾಲಾದ ಕೊಯ್ಪು.

ಎರಡನೆಯ ದಿನ: ವಕಾರೆಸ್‌ನ ಪೂರ್ವ ದಡ

ಬೆಳಗ್ಗೆ ಬೇಗ ಲ ಕಪೆಲಿಯೆರ್‌ಗೆ ಹೋಗಿ. ವಕಾರೆಸ್ ಮತ್ತು ಅದರ ದಕ್ಷಿಣದ ಸುಮಾರು 13,000 ಹೆಕ್ಟೇರ್ ಪ್ರದೇಶವನ್ನು 1927ರಿಂದಲೇ ಕಾಯ್ದುಕೊಂಡು ಬಂದಿರುವ ರಾಷ್ಟ್ರೀಯ ಮೀಸಲು ಪ್ರದೇಶದ ಮಾಹಿತಿ ಕೇಂದ್ರವಿದು. ಒಂದೂವರೆ ಕಿ.ಮೀ.ಯ ಸಣ್ಣ ದಾರಿಯಲ್ಲಿ ಮರದ ಮರೆಗೂಡುಗಳಿವೆ. ಪ್ರತಿ ಗೂಡಿನಲ್ಲೂ ಕನಿಷ್ಠ ಇಪ್ಪತ್ತು ನಿಮಿಷ ಕೂರಬೇಕು. ನೀವು ಬಂದ ಸದ್ದಿಗೆ ಜೊಂಡಿನೊಳಗೆ ಸರಿದ ಹಕ್ಕಿಗಳು ಹೊರಬರಲು ಅಷ್ಟು ಸಮಯ ಬೇಕಾಗುತ್ತದೆ. ಇಲ್ಲಿಂದ ದಕ್ಷಿಣಕ್ಕಿರುವ ಸಲಾಂ ದ ಬದೋಂ ಎಂಬ ಹಳೆಯ ಆಗರದ ದಾರಿಗಳಿಗೆ ಅನುಮತಿ ಚೀಟಿ ಬೇಕು, ಅದನ್ನು ಲ ಕಪೆಲಿಯೆರ್‌ನಲ್ಲೇ ಪಡೆಯಬೇಕು. ಚೀಟಿಯ ತೊಂದರೆಯೇ ಜನರನ್ನು ದೂರವಿಡುವುದರಿಂದ, ಇಡೀ ಕಮಾರ್ಗ್‌ನಲ್ಲಿ ಒಂದೇ ಮುಂಜಾನೆ ಇರುವವರಿಗೆ ನಾನು ಸೂಚಿಸುವ ಜಾಗ ಇದೇ.

ಸವಳು ಬಯಲಿನ ಅಂಚಿನಲ್ಲಿ ನಿಂತಾಗ ಒಂದು ಎಚ್ಚರಿಕೆ ಅಗತ್ಯ. ಬಿಳಿಯ ಉಪ್ಪಿನ ಪೊರೆ ಗಟ್ಟಿ ನೆಲದಂತೆ ಕಾಣುತ್ತದೆ. ಕೆಳಗೆ ಮೊಣಕಾಲುದ್ದ ಕೆಸರಿರಬಹುದು. ಸ್ಯಾಲಿಕಾರ್ನಿಯಾ ಎಂಬ ರಸಭರಿತ ಕಾಂಡದ, ಶರತ್ಕಾಲದಲ್ಲಿ ಕೆಂಪಾಗುವ ಗಿಡ ಬೆಳೆದಿರುವಲ್ಲಿ ನೆಲ ವರ್ಷದ ಒಂದಷ್ಟು ಕಾಲ ನೀರಿನಡಿ ಇರುತ್ತದೆ ಎಂದರ್ಥ. ಬೇಸಿಗೆಯ ಕೊನೆಗೆ ನಸುನೇರಳೆ ಹೂ ಬಿಡುವ ಲಿಮೋನಿಯಂ ಗಿಡ ಅದಕ್ಕಿಂತ ತುಸು ಎತ್ತರದ ನೆಲವನ್ನು ಸೂಚಿಸುತ್ತದೆ. ಅಂಗೈಯಗಲದ ಎತ್ತರದ ವ್ಯತ್ಯಾಸಕ್ಕೂ ಇಲ್ಲಿ ಸಸ್ಯಗಳು ಬದಲಾಗುತ್ತವೆ.

ಮೂರನೆಯ ದಿನ: ಕಡಲ ಏರಿ

ರೋನ್‌ನ ದೊಡ್ಡ ನೆರೆಗಳ ನಂತರ, 1850ರ ದಶಕದ ಕೊನೆಯಲ್ಲಿ, ಕಡಲನ್ನು ತಡೆಯಲು ಕಟ್ಟಿದ ಏರಿಯ ಹೆಸರು ದೀಗ್ ಅ ಲ ಮೆರ್. ನದಿಯ ಎರಡೂ ಕವಲುಗಳಿಗೂ ಒಡ್ಡು ಹಾಕಿದ ಮೇಲೆ ಈ ತ್ರಿಕೋನಕ್ಕೆ ನದಿಯೂ ಕಡಲೂ ತಮ್ಮಷ್ಟಕ್ಕೆ ನುಗ್ಗದಂತಾಯಿತು. ಅಂದಿನಿಂದ ಇದು ಮನುಷ್ಯನು ತೂಬು ತೆರೆದು ಮುಚ್ಚಿ ನಡೆಸುವ ನೀರಿನ ನಾಡು. ಏರಿಯ ಮೇಲೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಸೇಂತ್-ಮಾರಿಯಿಂದ ಗಶೋಲ್ ದೀಪಸ್ತಂಭದವರೆಗೆ ಹನ್ನೆರಡು-ಹದಿಮೂರು ಕಿ.ಮೀ. ದೂರ, ನಡುನಡುವೆ ಮರಳು ತುಂಬಿದ ದಾರಿ. ತೆಳು ಚಕ್ರದ ಸೈಕಲ್ ಇಲ್ಲಿ ಕೆಲಸಕ್ಕೆ ಬಾರದು. ಕಾರಿನಲ್ಲಿ ಬಂದವರು ಪೂರ್ವದಿಂದ ದೀಪಸ್ತಂಭದ ಸಮೀಪದ ನಿಲುಗಡೆಯವರೆಗೆ ಬಂದು ಅಲ್ಲಿಂದ ಮುಂದುವರಿಯಬಹುದು. ಹೋಗುವಾಗ ಗಾಳಿಗೆ ಎದುರಾಗಿ, ದಣಿದು ಬರುವಾಗ ಗಾಳಿಯ ಜೊತೆ ಎಂಬುದು ನಿಯಮ. ವಾಯವ್ಯದ ಮಿಸ್ತ್ರಾಲ್ ಇರುವ ದಿನ ಪೂರ್ವದ ತುದಿಯಿಂದ ಹೊರಡುವುದು ವಾಸಿ. ಆಗ್ನೇಯ ಗಾಳಿಯಿದ್ದರೆ ಸೇಂತ್-ಮಾರಿಯಿಂದ.

ಏರಿಯ ಎರಡೂ ಬದಿಯ ಕೊಳಗಳಲ್ಲಿ ಫ್ಲೆಮಿಂಗೊಗಳು ವರ್ಷವಿಡೀ ಕಾಣಸಿಗುತ್ತವೆ. ಫ್ರಾನ್ಸಿನಲ್ಲಿ ಇವು ನೆಲೆಯಾಗಿ ಸಂತಾನ ಬೆಳೆಸುವುದು ಕಮಾರ್ಗ್‌ನಲ್ಲಿ ಮಾತ್ರ. ಮೊಟ್ಟೆಯಿಡಲು ನರಿ, ಕಾಡುಹಂದಿಗಳು ತಲುಪದ ನಡುಗಡ್ಡೆ ಬೇಕು. ಅಲೆಗಳ ಹೊಡೆತಕ್ಕೆ ಅಂಥ ನಡುಗಡ್ಡೆಗಳು ಕರಗಿ, 1960ರ ದಶಕದಲ್ಲಿ ಇಲ್ಲಿ ಮರಿಗಳಾಗುವುದೇ ನಿಂತುಹೋಗಿತ್ತು. 1954ರಲ್ಲಿ ಲ್ಯುಕ್ ಹಾಫ್‌ಮನ್ ಸ್ಥಾಪಿಸಿದ ತೂರ್ ದು ವಲಾ ಸಂಶೋಧನಾ ಕೇಂದ್ರದವರು ಉಪ್ಪಿನ ಕಂಪನಿಯ ಸಹಕಾರದಿಂದ 1970ರಲ್ಲಿ ಫಾಂಗಾಸ್ಯೆ ಕೊಳದಲ್ಲಿ ಕೃತಕ ನಡುಗಡ್ಡೆಯೊಂದನ್ನು ಕಟ್ಟಿದರು. ಅಷ್ಟಕ್ಕೇ ಹಕ್ಕಿಗಳು ಬರಲಿಲ್ಲ. ಕೆಸರಿನ ಗೂಡುಗಳನ್ನು ಹೋಲುವ ದಿಬ್ಬಗಳನ್ನು ಕೈಯಾರೆ ಮಾಡಿಟ್ಟ ಬಳಿಕ, 1974ರಿಂದ ಅವು ಅಲ್ಲಿ ನೆಲೆಯೂರಿದವು. 1977ರಿಂದ ಮರಿಗಳ ಕಾಲಿಗೆ ದೂರದಿಂದಲೇ ಓದಬಹುದಾದ ಅಕ್ಷರಗಳಿರುವ ಪ್ಲಾಸ್ಟಿಕ್ ಉಂಗುರ ತೊಡಿಸುತ್ತಿದ್ದಾರೆ. ದೂರದರ್ಶಕ ತಂದವರು ಹಕ್ಕಿಗಳ ಕಾಲುಗಳನ್ನೂ ಗಮನಿಸಿ, ಅಕ್ಷರಗಳನ್ನು ಯಾವ ಕಾಲಿನಲ್ಲಿ ಕಂಡಿರೆಂಬುದರೊಂದಿಗೆ ಬರೆದು ಆ ಕೇಂದ್ರಕ್ಕೆ ಕಳುಹಿಸಬಹುದು. ಬೂದುಬಣ್ಣದವು ಎಳೆಯ ಹಕ್ಕಿಗಳು. ಗುಲಾಬಿ ಬಣ್ಣ ಅವು ತಿನ್ನುವ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರ ಸೀಗಡಿಯಂಥ ಆಹಾರದಿಂದ ವರ್ಷಗಳ ಕಾಲ ಮೆಲ್ಲನೆ ಬರುತ್ತದೆ. ಮರಿಮಾಡುವ ಜಾಗಕ್ಕೆ ಹತ್ತಿರ ಹೋಗುವ ಯತ್ನವನ್ನು ಮಾಡಲೇಬಾರದು, ಡ್ರೋನನ್ನು ಪೆಟ್ಟಿಗೆಯಿಂದ ತೆಗೆಯಲೂ ಬಾರದು: ಒಮ್ಮೆ ಬೆದರಿ ಎದ್ದ ಗುಂಪು ಮೊಟ್ಟೆಗಳನ್ನು ತೊರೆದು ಹೋಗಬಹುದು.

ಸಂಜೆ ಸೇಂತ್-ಮಾರಿಯ ಕೋಟೆಯಂಥ ಚರ್ಚಿನ ಮಾಡಿನ ಮೇಲೆ ಹತ್ತಿದರೆ ಅಂದು ನಡೆದ ದಾರಿಯೆಲ್ಲ ಒಟ್ಟಿಗೆ ಕಾಣುತ್ತದೆ. ಊರಿನ ಮುಂದೆ ಕಡಲಿಗೆ ಚಾಚಿದ ಕಲ್ಲಿನ ಒಡ್ಡುಗಳೂ ಅಲ್ಲಿಂದ ಸ್ಪಷ್ಟ; ಇಲ್ಲಿ ದಡ ಕೊರೆದುಹೋಗುತ್ತಿದೆ, ಅದರ ಮರಳು ಇತರೆಡೆ ಬೋದುಕ್‌ನಂಥ ಕೊಲ್ಲಿಗಳ ತುದಿಯಲ್ಲಿ ಶೇಖರವಾಗುತ್ತಿದೆ.

ನದಿಯ ಬಾಯಿ, ಬಿಟ್ಟುಕೊಟ್ಟ ಆಗರಗಳು

ಸಲಾಂ-ದ-ಜಿರೋದ ದಕ್ಷಿಣಕ್ಕೆ, ಹಿರಿಯ ರೋನ್‌ನ ಬಾಯಿಯ ಹತ್ತಿರ 702 ಹೆಕ್ಟೇರಿನ ಪಲಿಸಾದ್ ಇದೆ. ಒಡ್ಡುಗಳ ಹೊರಗೆ ಉಳಿದಿರುವುದರಿಂದ ಇಲ್ಲಿಗೆ ನದಿಯ ನೆರೆಯೂ ಕಡಲಿನ ನೀರೂ ಇಂದಿಗೂ ಬರುತ್ತವೆ. ಉಳಿದ ಕಮಾರ್ಗ್ ಒಂದು ಕಾಲದಲ್ಲಿ ಹೇಗಿತ್ತೆಂದು ಊಹಿಸಲು ಇದು ಸಹಾಯಕ. ಸಮೀಪದಲ್ಲಿಯೇ ಉಪ್ಪು ತೆಗೆಯುವುದನ್ನು ನಿಲ್ಲಿಸಿದ ಸುಮಾರು 6,500 ಹೆಕ್ಟೇರ್ ಆಗರಗಳನ್ನು ಫ್ರಾನ್ಸಿನ ಕರಾವಳಿ ಸಂರಕ್ಷಣಾ ಸಂಸ್ಥೆ 2008ರಿಂದೀಚೆಗೆ ಕೊಂಡುಕೊಂಡಿದೆ. ಅಲ್ಲಿ ಕಡಲು ಒಡೆದ ಏರಿಗಳನ್ನು ಮತ್ತೆ ಕಟ್ಟದೆ, ನೀರು ತನ್ನ ದಾರಿ ಹುಡುಕಿಕೊಳ್ಳಲು ಬಿಟ್ಟಿದ್ದಾರೆ. ಊರವರಲ್ಲಿ ಈ ನಿರ್ಧಾರಕ್ಕೆ ಎಲ್ಲರ ಒಪ್ಪಿಗೆಯೇನೂ ಇಲ್ಲ. ತಲೆಮಾರುಗಳಿಂದ ಆಗರವನ್ನೇ ನಂಬಿದ್ದ ಊರಿಗೆ ಅದು ಸುಲಭದ ಮಾತಲ್ಲ. ಬೋದುಕ್ ಕೊಲ್ಲಿಯವರೆಗಿನ ದಾರಿ ಹೊಂಡಗಳಿಂದ ತುಂಬಿದೆ, ಮರಳಿನಲ್ಲಿ ಕಾರು ಹೂತರೆ ಎಳೆಯುವವರು ಬೇಗ ಸಿಗುವುದಿಲ್ಲ. ಗಾಳಿಪಟ ಕಟ್ಟಿ ಅಲೆಯ ಮೇಲೆ ಜಾರುವ ಆಟದವರಿಗೆ ಅದು ಪ್ರಿಯ. ಉಳಿದವರು ಪಲಿಸಾದ್‌ನಲ್ಲಿ ಇನ್ನೊಂದು ಸುತ್ತು ನಡೆಯುವುದೇ ಮೇಲು.

ಬದುಕಿರುವ ಆಗರವನ್ನು ನೋಡಲು ಪಶ್ಚಿಮಕ್ಕೆ ಎಗ್-ಮೋರ್ತ್‌ಗೆ ಹೋಗಬಹುದು. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ 1248ರಲ್ಲೂ 1270ರಲ್ಲೂ ಧರ್ಮಯುದ್ಧಕ್ಕೆ ಹಡಗು ಹತ್ತಿದ್ದು ಇಲ್ಲಿಂದ. ಇಂದು ಕೋಟೆಗೋಡೆಯ ಮೇಲಿನಿಂದ ಕಾಣುವುದು ಗುಲಾಬಿ ಬಣ್ಣದ ಪಾತಿಗಳು. ಮೆಡಿಟರೇನಿಯನ್ನಿನ ನೀರಿನಲ್ಲಿ ಲೀಟರಿಗೆ ಸುಮಾರು 38 ಗ್ರಾಂ ಉಪ್ಪಿರುತ್ತದೆ. ಪಾತಿಯಿಂದ ಪಾತಿಗೆ ಹಾಯಿಸುತ್ತ, ಆವಿಯಾಗಿಸುತ್ತ 260 ಗ್ರಾಂ ಮೀರಿಸಿದಾಗ ಹರಳು ಕಟ್ಟುತ್ತದೆ. ಆ ನಡುವಿನ ಹಂತಗಳಲ್ಲಿ ಡ್ಯುನಾಲಿಯೆಲ್ಲಾ ಎಂಬ ಸೂಕ್ಷ್ಮ ಪಾಚಿ ಬೆಳೆದು ನೀರು ಕೆಂಪೇರುತ್ತದೆ, ಅದನ್ನು ಆರ್ಟೀಮಿಯಾ ತಿನ್ನುತ್ತದೆ, ಆರ್ಟೀಮಿಯಾವನ್ನು ಫ್ಲೆಮಿಂಗೊ. ಬಣ್ಣ ಗಾಢವಾಗಿರುವುದು ಬೇಸಿಗೆಯ ಕೊನೆಯಲ್ಲಿ. ಸಾಣಿಕಟ್ಟೆಯ ಆಗರಗಳನ್ನು ಕಂಡವರಿಗೆ ವಿಧಾನ ಹೊಸದೆನಿಸದು, ವಿಸ್ತಾರ ಮಾತ್ರ ಬೆರಗು ಹುಟ್ಟಿಸುತ್ತದೆ. ಮಾಂಸ ತಿನ್ನದವರಿಗೆ ಈ ಊರಿನಲ್ಲಿ ಕಿತ್ತಳೆ ಹೂವಿನ ನೀರು ಹಾಕಿ ಮಾಡುವ ಸಿಹಿ ಫುಗಾಸ್ ಸಿಗುತ್ತದೆ, ತರಿಸಿಕೊಳ್ಳಿ. ಹೋರಿಮಾಂಸದ ಅಡುಗೆಯ ಈ ನಾಡಿನಲ್ಲಿ ಸಸ್ಯಾಹಾರಿಗಳ ಆಯ್ಕೆ ಹೆಚ್ಚಿಲ್ಲ.

ಕೊನೆಗೆ ತೋ ಹಿನ್ನೀರು

ಸೆತ್ ಪಟ್ಟಣಕ್ಕೆ ರೈಲಿನಲ್ಲಿ ಬಂದಿಳಿದರೆ, ಊರ ನಡುವಿನ ಸಾಂ-ಕ್ಲೇರ್ ಗುಡ್ಡವನ್ನು ಮೊದಲು ಹತ್ತಬೇಕು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸುಮಾರು 7,500 ಹೆಕ್ಟೇರಿನ ತೋ, ನಡುವೆ ಮಾರ್ಸೆಯಾಂ ಕಡೆಗೆ ಚಾಚಿದ ಮರಳಿನ ಪಟ್ಟಿ. ಅಲೆಗಳು ಆ ಪಟ್ಟಿಯನ್ನು ಕೊರೆಯುತ್ತಿದ್ದುದರಿಂದ ಕಡಲಿಗೆ ಅಂಟಿಕೊಂಡಿದ್ದ ರಸ್ತೆಯನ್ನೇ ಒಳಕ್ಕೆ ಸರಿಸಿ, ದಡಕ್ಕೆ ಉಸಿರಾಡಲು ಜಾಗ ಕೊಟ್ಟಿದ್ದಾರೆ; ಈಗ ಅಲ್ಲಿ ಸೈಕಲ್ ದಾರಿಯಿದೆ.

ತೋ ವಕಾರೆಸ್‌ನಂತಲ್ಲ. ನಾಲ್ಕೈದು ಮೀಟರ್ ಸರಾಸರಿ ಆಳವಿದೆ, ಕಡಲಿನಷ್ಟೇ ಉಪ್ಪಿದೆ, ತಳದಲ್ಲಿ ಕಡಲಹುಲ್ಲಿನ ಹಾಸಿದೆ, ಅದರಲ್ಲಿ ಸಮುದ್ರಕುದುರೆಗಳಿವೆ. ಬೂಜಿಗ್, ಮೇಜ್, ಮಾರ್ಸೆಯಾಂ ಊರುಗಳ ಮುಂದೆ ನೀರಿನಲ್ಲಿ ನೆಟ್ಟ ಕಂಬಸಾಲುಗಳು ಆಯ್‌ಸ್ಟರ್ ತೋಟಗಳು. ಮರಿ ಆಯ್‌ಸ್ಟರ್‌ಗಳನ್ನು ಸಿಮೆಂಟಿನಿಂದ ಹಗ್ಗಕ್ಕೆ ಅಂಟಿಸಿ ತೂಗುಬಿಡುತ್ತಾರೆ. ಅಟ್ಲಾಂಟಿಕ್ ತೀರದಲ್ಲಿ ಭರತ ಇಳಿದಾಗ ಗಾಳಿಗೆ ಒಡ್ಡಿಕೊಂಡು ಗಟ್ಟಿಯಾಗುವ ಈ ಚಿಪ್ಪುಜೀವಿಗಳಿಗೆ ಇಲ್ಲಿ ಇಳಿತವೇ ಇಲ್ಲ. ಹಾಗಾಗಿ ಕೆಲವು ಬೆಳೆಗಾರರು ಹಗ್ಗಗಳನ್ನು ಯಂತ್ರದಿಂದ ಮೇಲೆತ್ತಿ, ಮತ್ತೆ ಮುಳುಗಿಸಿ, ಭರತವನ್ನೇ ಕೃತಕವಾಗಿ ಉಂಟುಮಾಡುತ್ತಾರೆ. ಬೂಜಿಗ್‌ನ ಹಿನ್ನೀರು ವಸ್ತುಸಂಗ್ರಹಾಲಯದಲ್ಲಿ ಈ ಕಸುಬಿನ ವಿವರವಿದೆ, ಅಲ್ಲಿಂದ ದೋಣಿಯಲ್ಲಿ ತೋಟಗಳ ನಡುವೆ ಹೋಗಿಬರಬಹುದು.

ಇಲ್ಲಿಯೂ ಗಾಳಿಯೇ ಯಜಮಾನ. ಬೇಸಿಗೆಯಲ್ಲಿ ದಿನಗಟ್ಟಲೆ ಗಾಳಿ ನಿಂತು ನೀರು ಕಾದರೆ ತಳದ ಆಮ್ಲಜನಕ ಮುಗಿದು, ನೀರು ಹಾಲಿನಂತೆ ಬೆಳ್ಳಗಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಊರವರು ಅದನ್ನು ಮಲೈಗ್ ಎನ್ನುತ್ತಾರೆ. 2018ರ ಬೇಸಿಗೆಯಲ್ಲಿ ಹಾಗಾದಾಗ ಮಸಲ್ ಎಂಬ ಚಿಪ್ಪುಜೀವಿಗಳೆಲ್ಲ ಸತ್ತವು, ಆಯ್‌ಸ್ಟರ್‌ಗಳಲ್ಲೂ ದೊಡ್ಡ ಪಾಲು ಹೋಯಿತು. ಬಂದ ದಿನ ಇಂಥ ಬಣ್ಣವನ್ನೋ ವಾಸನೆಯನ್ನೋ ಕಂಡರೆ ನೀರಿಗಿಳಿಯಬಾರದು. ಅಘನಾಶಿನಿಯಲ್ಲಿ ಬಳಚು ಹೆಕ್ಕಿ ಅಭ್ಯಾಸವಿರುವವರು ಇಲ್ಲಿ ದಡದ ಚಿಪ್ಪುಗಳಿಗೆ ಕೈಹಾಕುವ ಮೊದಲು ಪುರಸಭೆಯ ಅಥವಾ ಬಂದರಿನ ಫಲಕವನ್ನು ಓದಬೇಕು. ಮಾಲಿನ್ಯ ಅಥವಾ ವಿಷಪಾಚಿಯ ಕಾರಣಕ್ಕೆ ನಿಷೇಧವಿರುವ ವಾರಗಳು ಆಗಾಗ ಬರುತ್ತವೆ. ಮಾರ್ಸೆಯಾಂ ಬಳಿಯ ಓಂಗ್ಲು ದೀಪಸ್ತಂಭದಲ್ಲಿ ಕನಾಲ್ ದು ಮಿದಿ ಕಾಲುವೆ ಹಿನ್ನೀರನ್ನು ಸೇರುತ್ತದೆ. ಸೆತ್‌ನಿಂದ ಮರಳಪಟ್ಟಿಯ ಮೇಲೆ ಸೈಕಲ್‌ನಲ್ಲಿ ಅಲ್ಲಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ ಸಂಜೆಯ ರೈಲು ಹಿಡಿಯಲು ಒಂದು ಪೂರ್ತಿ ದಿನವನ್ನು ಇಟ್ಟುಕೊಳ್ಳಿ; ಮಿಸ್ತ್ರಾಲ್ ಬೀಸುತ್ತಿದ್ದರೆ ಇನ್ನೊಂದು ಗಂಟೆ ಹೆಚ್ಚಿಗೆ ಬೇಕಾಗುತ್ತದೆ.